ಮುಂಚಕ್ರ ಚಾಲನೆಯ ಕಾರಿಗೆ ಎಷ್ಟು ಅಗಲದ ಟೈರು?

ನಿಂತಿರುವ ಕಾರಿನ ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಜಾಗವನ್ನೆಲ್ಲ ಕೂಡಿಸಿದರೆ ಎಷ್ಟಾಗಬಹುದು? ಲೆಕ್ಕ ಬಹಳ ಸುಲಭ. ಇಬ್ಬರು ಕುಳಿತಿರುವ ಒಂದು ಸಣ್ಣ ಕಾರಿನ ಒಟ್ಟು ದ್ರವ್ಯರಾಶಿ 1000 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಟೈರಿನೊಳಗಿನ ಗಾಳಿಯ ಒತ್ತಡ 30 ಪಿ.ಎಸ್.ಐ., ಅಂದರೆ ಚದರ ಮೀಟರಿಗೆ ಸುಮಾರು 2,07,000 ನ್ಯೂಟನ್. ಕಾರಿನ ತೂಕವನ್ನು ಹೊರುವುದು ಬಹುಮಟ್ಟಿಗೆ ಈ ಗಾಳಿಯೇ ಆದ್ದರಿಂದ, ತೂಕವನ್ನು ಒತ್ತಡದಿಂದ ಭಾಗಿಸಿದರೆ ಸ್ಪರ್ಶದ ವಿಸ್ತೀರ್ಣ ಸಿಗುತ್ತದೆ: ಸುಮಾರು 473 ಚದರ ಸೆಂಟಿಮೀಟರು. ಒಂದು ಎ4 ಹಾಳೆಯ ವಿಸ್ತೀರ್ಣ 624 ಚದರ ಸೆಂಟಿಮೀಟರು. ಇಡೀ ಕಾರು, ಅದರೊಳಗಿನ ಕುಟುಂಬ, ಡಿಕ್ಕಿಯಲ್ಲಿನ ಸಾಮಾನು ಎಲ್ಲವೂ ಒಂದು ಹಾಳೆಗಿಂತ ಚಿಕ್ಕದಾದ ಜಾಗದ ಮೇಲೆ ನಿಂತಿವೆ. ಬ್ರೇಕು ಒತ್ತಿದಾಗ ಕಾರು ನಿಲ್ಲುವುದೂ, ಸ್ಟೀರಿಂಗ್ ತಿರುಗಿಸಿದಾಗ ಕಾರು ತಿರುಗುವುದೂ ಈ ಜಾಗದಲ್ಲಿ ಹುಟ್ಟುವ ಘರ್ಷಣೆಯಿಂದ ಮಾತ್ರ.

ಹೀಗಿರುವಾಗ, ಟೈರು ಅಗಲವಾದಷ್ಟೂ ಒಳ್ಳೆಯದು ಎಂದು ಯಾರಿಗಾದರೂ ತೋಚುವುದು ಸಹಜ. ಟೈರು ಅಂಗಡಿಗಳಲ್ಲಿ ಇದಕ್ಕೆ 'ಅಪ್‌ಸೈಜ್' ಎಂದು ಹೆಸರು. ಕಾರಿನೊಂದಿಗೆ ಬಂದ ಸಪೂರ ಟೈರುಗಳನ್ನು ತೆಗೆಸಿ, ಅಗಲವಾದ ಅಲಾಯ್ ವೀಲುಗಳನ್ನೂ ಟೈರುಗಳನ್ನೂ ಹಾಕಿಸಿಕೊಳ್ಳುವುದು ಯುವಕರಲ್ಲಿ ಸಾಮಾನ್ಯವಾಗಿದೆ. ನೋಟಕ್ಕೆ ಅದು ಚೆನ್ನಾಗಿರುತ್ತದೆ, ಅನುಮಾನವಿಲ್ಲ. ಆದರೆ ಹಿಡಿತ ನಿಜವಾಗಿಯೂ ಹೆಚ್ಚುತ್ತದೆಯೇ? ಮಳೆಗಾಲದಲ್ಲಿ ಏನಾಗುತ್ತದೆ? ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸ್ವಲ್ಪ ವಿಶೇಷವಾಗಿದೆ.

ಎರಡು ಚಕ್ರಗಳಿಗೆ ಮೂರು ಕೆಲಸ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಎಂಜಿನ್ನು ಮುಂದೆ ಇದ್ದರೂ ಅದರ ಶಕ್ತಿ ಉದ್ದನೆಯ ದಂಡವೊಂದರ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಮುಂದಿನ ಚಕ್ರಗಳು ದಾರಿ ತೋರಿಸುತ್ತಿದ್ದವು, ಹಿಂದಿನವು ತಳ್ಳುತ್ತಿದ್ದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ನಮ್ಮ ರಸ್ತೆಗಳಲ್ಲಿ ಮುಂಚಕ್ರ ಚಾಲನೆಯನ್ನು ಮನೆಮಾತಾಗಿಸಿತು. ಎಂಜಿನ್ನು, ಗೇರ್‌ಬಾಕ್ಸು, ಡಿಫರೆನ್ಷಿಯಲ್ ಎಲ್ಲವೂ ಬಾನೆಟ್ಟಿನಡಿ ಅಡಕವಾದವು. ಹಿಂದಕ್ಕೆ ಹೋಗುವ ದಂಡವೇ ಇಲ್ಲವಾದ್ದರಿಂದ ಒಳಗೆ ಜಾಗ ಉಳಿಯಿತು, ತೂಕ ಇಳಿಯಿತು. ಇಂದಿನ ಸಣ್ಣ ಕಾರುಗಳು ಬಹುತೇಕ ಎಲ್ಲವೂ ಈ ಬಗೆಯವೇ.

ಇದರ ಪರಿಣಾಮವಾಗಿ ತೂಕ ಮುಂದಕ್ಕೆ ವಾಲಿತು. ಇಬ್ಬರು ಮುಂದೆ ಕುಳಿತ ಸಣ್ಣ ಕಾರಿನಲ್ಲಿ ಸ್ಥೂಲವಾಗಿ ನೂರಕ್ಕೆ 60 ಭಾಗ ಮುಂದಿನ ಚಕ್ರಗಳ ಮೇಲೆ, 40 ಭಾಗ ಹಿಂದಿನವುಗಳ ಮೇಲೆ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಮುಂದಿನ ಒಂದೊಂದು ಟೈರಿಗೆ 300 ಕಿ.ಗ್ರಾಂ., ಹಿಂದಿನ ಒಂದೊಂದಕ್ಕೆ 200 ಕಿ.ಗ್ರಾಂ. ಇದು ಕಾರು ನಿಂತಾಗಿನ ಮಾತು. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಕಾರಿನ ಮೂತಿ ತಗ್ಗುವುದನ್ನು ನೀವು ನೋಡಿದ್ದೀರಿ. ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದ್ದು, ಮುಂದಿನ ಹಿಂದಿನ ಚಕ್ರಗಳ ನಡುವೆ 2.4 ಮೀಟರು ಅಂತರವಿದ್ದರೆ, ಗುರುತ್ವ ವೇಗೋತ್ಕರ್ಷದ 0.8ರಷ್ಟು ತೀವ್ರತೆಯಲ್ಲಿ ನಿಲ್ಲಿಸುವಾಗ 167 ಕಿ.ಗ್ರಾಂ.ನಷ್ಟು ಹೊರೆ ಹಿಂದಿನಿಂದ ಮುಂದಕ್ಕೆ ಜರುಗುತ್ತದೆ. ಆಗ ಮುಂದೆ 767, ಹಿಂದೆ ಕೇವಲ 233. ಬ್ರೇಕಿನ ಮುಕ್ಕಾಲು ಕೆಲಸ ಮುಂದಿನ ಟೈರುಗಳದ್ದೇ.

ಆಕ್ಸಿಲರೇಟರ್ ಒತ್ತಿದಾಗ ಇದರ ತಿರುವುಮುರುವು. ಹೊರೆ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಚಕ್ರಗಳೇ ಹಗುರಾಗುತ್ತವೆ! ಏರಿನಲ್ಲಿ, ಹಿಂದಿನ ಸೀಟು ತುಂಬಿ ಡಿಕ್ಕಿಯಲ್ಲಿ ಸಾಮಾನೂ ಇದ್ದಾಗ, ಮುಂಚಕ್ರಗಳ ಪಾಲು ಅರ್ಧದ ಆಸುಪಾಸಿಗೆ ಇಳಿಯಬಹುದು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಮಳೆಯಲ್ಲಿ ಹತ್ತಿದವರಿಗೆ ತಿರುವಿನ ಒಳಬದಿಯ ಮುಂಚಕ್ರ ಗಿರ್ರನೆ ತಿರುಗಿ ಜಾರಿದ ಅನುಭವ ಇದ್ದೀತು. ತಿರುವಿನಲ್ಲಿ ಒಳಬದಿಯ ಚಕ್ರದ ಹೊರೆ ಕಡಿಮೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಹಗುರಾದ ಚಕ್ರ ಮೊದಲು ಸೋಲುತ್ತದೆ. ಟೈರಿನ ಅಗಲ ಇದಕ್ಕೆ ಮದ್ದಲ್ಲ. ಅಲ್ಲಿ ಕೊರತೆಯಾಗಿರುವುದು ಹೊರೆ.

ಎಳೆಯುವುದು, ನಿಲ್ಲಿಸುವುದು, ತಿರುಗಿಸುವುದು – ಮೂರೂ ಕೆಲಸಗಳಿಗೆ ಒಂದೇ ಘರ್ಷಣೆಯ ಬಂಡವಾಳ. ಇದನ್ನು ಎಂಜಿನಿಯರುಗಳು ಘರ್ಷಣೆಯ ವೃತ್ತವೆಂದು ಬರೆದು ತೋರಿಸುತ್ತಾರೆ. ಒಂದು ಟೈರಿನಿಂದ ಸಿಗಬಹುದಾದ ಗರಿಷ್ಠ ಬಲ 100 ಎಂದಾದರೆ, ಅದರಲ್ಲಿ 60ನ್ನು ಎಳೆಯಲು ಬಳಸಿದಾಗ ಪಕ್ಕಕ್ಕೆ ತಿರುಗಿಸಲು ಉಳಿಯುವುದು 40 ಅಲ್ಲ, 80. ಬಲಗಳು ಸದಿಶಗಳಾದ್ದರಿಂದ ಪೈಥಾಗೊರಸನ ಪ್ರಮೇಯದಂತೆ ಕೂಡುತ್ತವೆ: 60ರ ವರ್ಗ, 80ರ ವರ್ಗ ಸೇರಿ 100ರ ವರ್ಗ. ಆದರೆ ಎಳೆಯಲು 98 ಬಳಸಿಬಿಟ್ಟರೆ ತಿರುಗಿಸಲು ಉಳಿಯುವುದು ಸುಮಾರು 20 ಮಾತ್ರ. ಮುಂಚಕ್ರ ಚಾಲನೆಯ ಕಾರನ್ನು ತಿರುವಿನಲ್ಲಿ ಜೋರಾಗಿ ಒತ್ತಿದರೆ ಅದು ಸ್ಟೀರಿಂಗಿನ ಮಾತು ಕೇಳದೆ ಹೊರಕ್ಕೆ ನೇರವಾಗಿ ಜಾರಲು ಇದೇ ಕಾರಣ. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ.

ಅಗಲ ಹೆಚ್ಚಿದರೆ ಹಿಡಿತ ಹೆಚ್ಚೇ?

ಪದವಿ ತರಗತಿಯಲ್ಲಿ ಘರ್ಷಣೆಯ ಪಾಠ ಮಾಡಿದ ದಿನ ಯಾರಾದರೂ ಒಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: 'ಸಾರ್, ಘರ್ಷಣೆ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದಿರಿ. ಹಾಗಾದರೆ ರೇಸ್ ಕಾರಿಗೆ ಅಷ್ಟು ಅಗಲದ ಟೈರು ಏಕೆ?' ಪ್ರಶ್ನೆ ಬಹಳ ಒಳ್ಳೆಯದು. ಫ್ರಾನ್ಸಿನ ಅಮೊಂಟಾನ್ 1699ರಲ್ಲಿ ಹೇಳಿದ ನಿಯಮದಂತೆ ಘರ್ಷಣೆಯ ಬಲ ಹೊರೆಗೆ ಅನುಪಾತದಲ್ಲಿರುತ್ತದೆ, ತೋರಿಕೆಯ ವಿಸ್ತೀರ್ಣಕ್ಕೆ ಅಲ್ಲ. ಮರ, ಕಬ್ಬಿಣಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ರಬ್ಬರಿಗೆ ಪೂರ್ತಿಯಾಗಿ ಹೊಂದುವುದಿಲ್ಲ.

ರಬ್ಬರು ಮೆದು. ರಸ್ತೆಯ ಜಲ್ಲಿಕಲ್ಲಿನ ಉಬ್ಬುತಗ್ಗುಗಳೊಳಕ್ಕೆ ಅದು ಇಳಿದು ಕೂರುತ್ತದೆ. ಅದರ ಹಿಡಿತಕ್ಕೆ ಎರಡು ಮೂಲಗಳು. ಒಂದು, ರಬ್ಬರಿನ ಅಣುಗಳು ಕಲ್ಲಿನ ಮೈಗೆ ಅಂಟಿ ಬಿಡುವುದು. ಇನ್ನೊಂದು, ಉಬ್ಬುಗಳ ಮೇಲೆ ಹಾಯುವಾಗ ರಬ್ಬರು ಅದುಮಿ ಬಿಡುವಲ್ಲಿ ಶಕ್ತಿ ಶಾಖವಾಗಿ ಕಳೆದುಹೋಗುವುದು, ಇದು ಹಿಸ್ಟರಿಸಿಸ್. ಈ ಎರಡನ್ನೂ ರಬ್ಬರಿನ ಸ್ಥಿತಿಸ್ಥಾಪಕ ಗುಣಗಳಿಗೆ ಬೆಸೆದು ತೋರಿಸಿದ್ದು 1963ರಲ್ಲಿ ಪ್ರಕಟವಾದ ಗ್ರಾಷ್‌ನ ಪ್ರಯೋಗಗಳು. ಅದಕ್ಕೂ ಮೊದಲು, 1952ರಲ್ಲಿ, ಶಾಲಮಾಕ್ ಎಂಬ ವಿಜ್ಞಾನಿ ರಬ್ಬರಿನ ಘರ್ಷಣೆ ಹೊರೆಯೊಂದಿಗೆ ಹೇಗೆ ಬದಲಾಗುತ್ತದೆ ಎಂದು ಅಳೆದಿದ್ದ. ಹೊರೆ ಎರಡರಷ್ಟಾದರೆ ಘರ್ಷಣೆಯ ಬಲ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಆಗುತ್ತದೆ. ನಿಜವಾದ ಸ್ಪರ್ಶದ ಜಾಗ ಹೊರೆಯ ಜೊತೆ ಸಮಸಮನಾಗಿ ಬೆಳೆಯದಿರುವುದೇ ಇದಕ್ಕೆ ಕಾರಣ. ಆದ್ದರಿಂದ ರಬ್ಬರಿನ ಪ್ರತಿಯೊಂದು ಚೂರಿನ ಮೇಲೂ ಹೊರೆ ಕಡಿಮೆ ಇದ್ದಷ್ಟು ಘರ್ಷಣ ಗುಣಾಂಕ ಹೆಚ್ಚು.

ಇಷ್ಟು ತಿಳಿದ ಮೇಲೆ, ಅಗಲದ ಟೈರಿನಲ್ಲಿ ಚೂರಿನ ಮೇಲಿನ ಹೊರೆ ಕಡಿಮೆಯಾಗಿ ಹಿಡಿತ ಹೆಚ್ಚಬೇಕಲ್ಲವೇ ಎಂದು ಅನ್ನಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಟೈರು ನೆಲದ ಮೇಲೆ ಊರುವ ಜಾಗವನ್ನು ಅದರ 'ಹೆಜ್ಜೆ' ಎಂದು ಕರೆಯೋಣ. ಲೇಖನದ ಮೊದಲಲ್ಲಿ ಮಾಡಿದ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಟೈರಿನ ಅಗಲ ಎಲ್ಲಿಯೂ ಬರಲಿಲ್ಲ! ಹೊರೆ ಮತ್ತು ಗಾಳಿಯ ಒತ್ತಡ ಇವೆರಡೇ ಹೆಜ್ಜೆಯ ವಿಸ್ತೀರ್ಣವನ್ನು ನಿರ್ಧರಿಸಿದವು. ಮುಂದಿನ ಒಂದು ಟೈರಿಗೆ 300 ಕಿ.ಗ್ರಾಂ. ಹೊರೆ, 30 ಪಿ.ಎಸ್.ಐ. ಒತ್ತಡ ಎಂದರೆ ಹೆಜ್ಜೆ ಸುಮಾರು 142 ಚದರ ಸೆಂ.ಮೀ. ನೆಲಕ್ಕೆ ತಾಗುವ ಮೈ 13 ಸೆಂ.ಮೀ. ಅಗಲವಿದ್ದರೆ ಹೆಜ್ಜೆಯ ಉದ್ದ 11 ಸೆಂ.ಮೀ. ಅಷ್ಟೇ ಗಾಳಿ ತುಂಬಿದ, 15 ಸೆಂ.ಮೀ. ಅಗಲದ ಮೈಯಿರುವ ಟೈರು ಹಾಕಿದರೆ ಉದ್ದ ಒಂಬತ್ತೂವರೆ ಸೆಂ.ಮೀ.ಗೆ ಇಳಿಯುತ್ತದೆ. ವಿಸ್ತೀರ್ಣ ಹಾಗೆಯೇ ಉಳಿದು ಆಕಾರ ಮಾತ್ರ ಬದಲಾಯಿತು: ಉದ್ದ ಹೆಜ್ಜೆ ಹೋಗಿ ಅಡ್ಡ ಹೆಜ್ಜೆ ಬಂತು. ಟೈರಿನ ಪಕ್ಕೆಯ ಬಿಗಿತವೂ ಒಂದಿಷ್ಟು ಹೊರೆ ಹೊರುವುದರಿಂದ ಈ ಲೆಕ್ಕ ಅಂದಾಜಿನದು; ಆದರೆ ದಾರಿ ತಪ್ಪಿಸುವಷ್ಟು ಅಂದಾಜಲ್ಲ.

ಹಾಗಾದರೆ ಅಗಲದಿಂದ ಲಾಭವೇ ಇಲ್ಲವೆ? ಇದೆ, ಆದರೆ ಬಳಸುದಾರಿಯಲ್ಲಿ. ತಿರುವಿನಲ್ಲಿ ಕಾರು ಹೊರಕ್ಕೆ ವಾಲುವಾಗ ಹೊರಬದಿಯ ಮುಂದಿನ ಟೈರಿಗೆ ಅತಿ ಹೆಚ್ಚು ಹೊರೆ ಬೀಳುತ್ತದೆ. ಲೆಕ್ಕದ ಅನುಕೂಲಕ್ಕೆಂದು ಘರ್ಷಣ ಗುಣಾಂಕ 300 ಕಿ.ಗ್ರಾಂ. ಹೊರೆಯಲ್ಲಿ 1.0, 450ರಲ್ಲಿ 0.9, 150ರಲ್ಲಿ 1.1 ಎಂದು ಭಾವಿಸೋಣ. ನೇರ ಹೋಗುವಾಗ ಎರಡೂ ಮುಂದಿನ ಟೈರುಗಳಿಂದ ಸಿಗಬಹುದಾದ ಬಲ 300 ಮತ್ತು 300, ಒಟ್ಟು 600. ತಿರುವಿನಲ್ಲಿ ಹೊರಟೈರಿಗೆ 450, ಒಳಟೈರಿಗೆ 150 ಆದಾಗ 405 ಮತ್ತು 165, ಒಟ್ಟು 570 ಮಾತ್ರ. ಹೊರೆಯ ಮೊತ್ತ ಬದಲಾಗದಿದ್ದರೂ ಹಿಡಿತ ನೂರಕ್ಕೆ 5ರಷ್ಟು ಕಳೆದುಹೋಯಿತು. ದೊಡ್ಡ ಟೈರು ಈ ನಷ್ಟವನ್ನು ಸ್ವಲ್ಪ ತಗ್ಗಿಸುತ್ತದೆ, ಏಕೆಂದರೆ ಅದರ ತಾಳಿಕೆಗೆ ಹೋಲಿಸಿದರೆ 450 ಕಿ.ಗ್ರಾಂ. ಎಂಬುದು ಸಣ್ಣ ಪಾಲು. ಗುಣಾಂಕ ಇಳಿಯುವ ರಭಸ ತುಸು ಕಡಿಮೆಯಾಗಿ 570ರ ಬದಲು 576 ಸಿಕ್ಕೀತು. ಇಷ್ಟೇ ಅದರ ಅಳತೆ. ಇದರ ಮೇಲೆ, ಸಣ್ಣ ಕಾರುಗಳ ಸರಳ ಸಸ್ಪೆನ್ಷನ್ನಿನಲ್ಲಿ ಕಾರಿನ ಮೈ ವಾಲಿದಾಗ ಹೊರಚಕ್ರವೂ ಸ್ವಲ್ಪ ಹೊರಕ್ಕೆ ವಾಲುತ್ತದೆ. ಆಗ ಅಗಲದ ಟೈರು ಹೊರ ಅಂಚಿನ ಮೇಲೆ ನಿಲ್ಲುವುದರಿಂದ, ದುಡ್ಡು ಕೊಟ್ಟು ತಂದ ಅಗಲದ ಒಂದು ಭಾಗ ಕೆಲಸಕ್ಕೆ ಬಾರದೆ ಹೋಗುತ್ತದೆ.

ಅಗಲದ ಟೈರು ಹಾಕಿಸಿದವರು 'ಸ್ಟೀರಿಂಗ್ ಎಷ್ಟು ಚುರುಕಾಯಿತು ನೋಡಿ' ಎನ್ನುವುದು ಸುಳ್ಳಲ್ಲ. ಆದರೆ ಅದು ಬಹುಪಾಲು ಅಗಲದ ಗುಣವಲ್ಲ. ಟೈರಿನ ಪಕ್ಕೆ ಗಿಡ್ಡವಾದುದರ ಗುಣ. ಗಿಡ್ಡ ಪಕ್ಕೆ ಬಳುಕುವುದು ಕಡಿಮೆ, ಆದ್ದರಿಂದ ಸ್ಟೀರಿಂಗಿನ ಆದೇಶ ನೆಲಕ್ಕೆ ಬೇಗ ಮುಟ್ಟುತ್ತದೆ. ಚುರುಕು ಬೇರೆ, ಹಿಡಿತದ ಮಿತಿ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ವೇಗ ಹೆಚ್ಚಿಸುವುದರಲ್ಲಿ ಅಪಾಯವಿದೆ. ಒಣ ರಸ್ತೆಯಲ್ಲಿ ಹಿಡಿತವೇ ಬೇಕೆಂದರೆ ಅಗಲಕ್ಕಿಂತ ರಬ್ಬರಿನ ಗುಣಮಟ್ಟ ಮತ್ತು ವಯಸ್ಸು ಮುಖ್ಯವೆಂದು ನನ್ನ ಅಭಿಪ್ರಾಯ. ರಬ್ಬರು ವರ್ಷಗಳು ಕಳೆದಂತೆ ಗಡಸಾಗುತ್ತದೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದರ ಜನ್ಮದಿನ: 2423 ಎಂದಿದ್ದರೆ 2023ರ 24ನೆಯ ವಾರದಲ್ಲಿ ತಯಾರಾದುದು.

ನೀರು ತಪ್ಪಿಸಿಕೊಳ್ಳಲು ಐದು ಮಿಲಿಸೆಕೆಂಡು

ಈಗ ಮಳೆ ಸುರಿಯುತ್ತಿದೆ ಎನ್ನಿ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ, ಕಾರಿನ ವೇಗ ಗಂಟೆಗೆ 80 ಕಿ.ಮೀ., ಅಂದರೆ ಸೆಕೆಂಡಿಗೆ 22 ಮೀಟರು. 13 ಸೆಂ.ಮೀ. ಅಗಲದ ಮೈಯುಳ್ಳ ಟೈರು ಪ್ರತಿ ಸೆಕೆಂಡಿಗೂ ಎಂಟೂಮುಕ್ಕಾಲು ಲೀಟರಿನಷ್ಟು ನೀರನ್ನು ತನ್ನ ದಾರಿಯಿಂದ ಸರಿಸಬೇಕು. 15 ಸೆಂ.ಮೀ. ಆದರೆ ಸೆಕೆಂಡಿಗೆ 10 ಲೀಟರು – ಒಂದು ಸಣ್ಣ ಬಕೆಟ್ ನೀರು. ಇದಕ್ಕೆ ಸಿಗುವ ಸಮಯವೆಷ್ಟು? ಹೆಜ್ಜೆಯ ಉದ್ದವನ್ನು ವೇಗದಿಂದ ಭಾಗಿಸಿ. 11 ಸೆಂ.ಮೀ. ಉದ್ದದ ಹೆಜ್ಜೆಗೆ 5 ಮಿಲಿಸೆಕೆಂಡು, ಒಂಬತ್ತೂವರೆ ಸೆಂ.ಮೀ.ಗೆ 4.3 ಮಿಲಿಸೆಕೆಂಡು. ಅಗಲದ ಟೈರು ಹೆಚ್ಚು ನೀರನ್ನು ಕಡಿಮೆ ಸಮಯದಲ್ಲಿ ಹೊರಹಾಕಬೇಕು. ಮಧ್ಯದಲ್ಲಿ ಸಿಕ್ಕಿದ ನೀರು ಅಂಚಿಗೆ ತಲುಪಲು ಹೆಚ್ಚು ದೂರವನ್ನೂ ಹೋಗಬೇಕು. ಒಣ ರಸ್ತೆಯಲ್ಲಿ ಅಷ್ಟೇನೂ ಪರಿಣಾಮ ಬೀರದ ಹೆಜ್ಜೆಯ ಆಕಾರ ಇಲ್ಲಿ ಜೀವನ್ಮರಣದ ಪ್ರಶ್ನೆಯಾಗಿಬಿಡುತ್ತದೆ.

ನೀರು ಹೊರಹೋಗದಿದ್ದರೆ ಟೈರಿನ ಮುಂದೆ ಬೆಣೆಯಂತೆ ಸಿಲುಕಿ ಟೈರನ್ನೇ ನೆಲದಿಂದ ಎತ್ತಿಬಿಡುತ್ತದೆ. ಇದೇ ಅಕ್ವಾಪ್ಲೇನಿಂಗ್. ಆಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ, ಬ್ರೇಕು ಕೆಲಸ ಮಾಡುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೇಹರ್ ವಿಮಾನದ ಟೈರುಗಳ ಮೇಲೆ ಪ್ರಯೋಗ ನಡೆಸಿ 1963ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಪಿ.ಎಸ್.ಐ.ಗಳಲ್ಲಿರುವ ಗಾಳಿಯ ಒತ್ತಡದ ವರ್ಗಮೂಲವನ್ನು 16.7ರಿಂದ ಗುಣಿಸಿದರೆ, ಟೈರು ತೇಲತೊಡಗುವ ವೇಗ ಗಂಟೆಗೆ ಕಿ.ಮೀ.ಗಳಲ್ಲಿ ಸಿಗುತ್ತದೆ. ನೀರಿನ ಆಳ ಟೈರಿನ ತೋಡುಗಳ ಆಳವನ್ನು ಮೀರಿದಾಗ, ಅಥವಾ ಟೈರು ಸವೆದು ನುಣ್ಣಗಾದಾಗ, ಅನ್ವಯಿಸುವ ಸೂತ್ರ ಇದು. 33 ಪಿ.ಎಸ್.ಐ. ಇದ್ದರೆ 96 ಕಿ.ಮೀ., 30 ಇದ್ದರೆ 91, ಗಾಳಿ ಇಳಿದು 22ಕ್ಕೆ ಬಂದಿದ್ದರೆ 78. ಕಾರಿನ ಟೈರಿಗೆ ಇದನ್ನು ಅಂದಾಜಾಗಿ ಮಾತ್ರ ಬಳಸಬಹುದು. ಹೆಜ್ಜೆಯ ಅಗಲ ಮತ್ತು ಉದ್ದದ ಅನುಪಾತವೂ ಲೆಕ್ಕಕ್ಕೆ ಬರುತ್ತದೆ ಎಂದು ಹಾರ್ನ್ ಅವರೇ ಮುಂದೆ ಲಾರಿ ಟೈರುಗಳ ಅಧ್ಯಯನದಲ್ಲಿ ತೋರಿಸಿದರು: ಅಡ್ಡ ಹೆಜ್ಜೆ ಬೇಗ ತೇಲುತ್ತದೆ, ಉದ್ದ ಹೆಜ್ಜೆ ತಡವಾಗಿ.

ಮುಂಚಕ್ರ ಚಾಲನೆಯ ಕಾರಿನಲ್ಲಿ ಮೊದಲು ನೀರಿಗೆ ನುಗ್ಗುವುದು ಮೂರೂ ಕೆಲಸ ಹೊತ್ತ ಮುಂದಿನ ಟೈರುಗಳೇ. ಹೆಚ್ಚು ದುಡಿಯುವುದರಿಂದ ಬೇಗ ಸವೆಯುವುವೂ ಅವೇ. ಟೈರಿನ ತೋಡಿನೊಳಗೆ ಅಲ್ಲಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿದಂತೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ ಮಳೆಯ ನಡುವೆ ಹೋಗುವವರು ಅಷ್ಟರವರೆಗೆ ಕಾಯಬಾರದು.

ಮುಂದೆ ಅಗಲ, ಹಿಂದೆ ಸಪೂರ?

ಕೆಲಸ ಹೆಚ್ಚಿರುವುದು ಮುಂದಿನ ಟೈರುಗಳಿಗೆ ಎಂದಮೇಲೆ ಅವನ್ನಷ್ಟೇ ಅಗಲ ಮಾಡಿದರೆ ಹೇಗೆ? ತರ್ಕ ಸರಿಯಾಗಿದೆ, ಅದನ್ನು ಮಾಡಿ ನೋಡಿದವರೂ ಇದ್ದಾರೆ. 1955ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜನರನ್ನು ಬೆರಗುಗೊಳಿಸಿದ ಸಿಟ್ರೊಯೆನ್ ಡಿಎಸ್ ಕಾರು ಮುಂಚಕ್ರ ಚಾಲನೆಯದು. ಅದರ ಮುಂದಿನ ಟೈರು 165 ಮಿ.ಮೀ., ಹಿಂದಿನದು 155 ಮಿ.ಮೀ. ಹಿಂದಿನ ಎರಡು ಚಕ್ರಗಳ ನಡುವಿನ ಅಂತರವೂ ಮುಂದಿನವುಗಳಿಗಿಂತ ಸುಮಾರು 20 ಸೆಂ.ಮೀ. ಕಡಿಮೆ. 2011ರ ಆಡಿ ಆರ್‌ಎಸ್ 3 ಕಾರಿನಲ್ಲಿ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗುತ್ತದಾದರೂ ತೂಕ ಮುಂದೆ ಹೆಚ್ಚು; ಅದಕ್ಕೂ ಮುಂದೆ 235, ಹಿಂದೆ 225 ಮಿ.ಮೀ. ಟೈರುಗಳು.

ಆದರೆ ಈ ಕಾರುಗಳಲ್ಲಿ ಸಸ್ಪೆನ್ಷನ್ನು, ಬ್ರೇಕು, ತೂಕ ಹಂಚಿಕೆ ಎಲ್ಲವನ್ನೂ ಆ ಅಗಲಗಳಿಗೆ ಹೊಂದಿಸಿ ವಿನ್ಯಾಸ ಮಾಡಿರುತ್ತಾರೆ. ಸಾಮಾನ್ಯ ಕಾರಿನಲ್ಲಿ ನಾಲ್ಕೂ ಟೈರುಗಳನ್ನು ಒಂದೇ ಅಳತೆಯಲ್ಲಿ ಇಟ್ಟಿರುವುದರ ಹಿಂದೆ ಒಂದು ಉದ್ದೇಶವಿದೆ. ಹಿಂದಿನ ಟೈರಿಗೆ ಹೊರೆ ಕಡಿಮೆ, ಟೈರು ಅದೇ ಅಳತೆಯದು. ಆದ್ದರಿಂದ ಹಿಂದೆ ಯಾವಾಗಲೂ ಒಂದಿಷ್ಟು ಹಿಡಿತ ಉಳಿತಾಯದಲ್ಲಿರುತ್ತದೆ. ಮಿತಿ ಮೀರಿದಾಗ ಮೊದಲು ಮುಂದಿನ ಚಕ್ರ ಜಾರುತ್ತದೆ; ಚಾಲಕ ಗಾಬರಿಯಿಂದ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ; ಹೊರೆ ಮುಂದಕ್ಕೆ ಬಂದು ಕಾರು ತಾನಾಗಿ ದಾರಿಗೆ ಬರುತ್ತದೆ. ಯಾರಿಗೂ ವಿಶೇಷ ಚಾತುರ್ಯ ಬೇಕಿಲ್ಲ. ಮುಂದೆ ಮಾತ್ರ ಅಗಲ ಮಾಡಿದರೆ ಈ ಉಳಿತಾಯ ಕರಗುತ್ತದೆ. ಕಾಲು ತೆಗೆದ ಕ್ಷಣ ಹಗುರಾದ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯಬಹುದು. ನೋಟಕ್ಕಾಗಿ ಹಿಂದೆ ಮಾತ್ರ ಅಗಲ ಮಾಡುವುದು ಇನ್ನೂ ಅರ್ಥವಿಲ್ಲದ ಕೆಲಸ: ದುಡಿಯುವವರು ಮುಂದೆ, ಕೂಲಿ ಹಿಂದೆ ಎಂಬಂತೆ. ಅಳತೆ ಬೇರೆ ಬೇರೆಯಾದರೆ ಟೈರುಗಳನ್ನು ಹಿಂದೆ ಮುಂದೆ ಬದಲಿಸಿಕೊಳ್ಳಲಾಗದು, ಸ್ಟೆಪ್ನಿಯೂ ಎಲ್ಲ ಕಡೆಗೆ ಹೊಂದದು.

ಅಂಕಿಗಳ ಲೆಕ್ಕ

ಈಗ ಒಂದು ನಿಜವಾದ ಕಾರನ್ನು ತೆಗೆದುಕೊಳ್ಳೋಣ. 2018ರ ಮಾರುತಿ ಸುಜುಕಿ ಸ್ವಿಫ್ಟ್ ಮುಂಚಕ್ರ ಚಾಲನೆಯದು. ಅದರ ಕೆಳದರ್ಜೆಯ ಮಾದರಿಗಳಿಗೆ 165/80 ಆರ್ 14 ಟೈರು, ಮೇಲ್ದರ್ಜೆಗೆ 185/65 ಆರ್ 15. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. ಕೊನೆಯದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಮಿಲಿಮೀಟರು, ಶೇಕಡಾ, ಅಂಗುಲ ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿದ ಇಂಥ ಅಳತೆಯನ್ನು ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಬರೆದರೆ ಅಂಕ ಕಳೆಯುತ್ತಿದ್ದೆವು!

165/80 ಆರ್ 14ರ ಪಕ್ಕೆ 132 ಮಿ.ಮೀ. ಎರಡು ಪಕ್ಕೆ ಮತ್ತು ರಿಮ್ಮಿನ 355.6 ಮಿ.ಮೀ. ಸೇರಿ ಹೊರವ್ಯಾಸ 619.6 ಮಿ.ಮೀ. ಇದೇ ರೀತಿ 185/65 ಆರ್ 15ಕ್ಕೆ 621.5 ಮಿ.ಮೀ. ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ. ತಯಾರಕರು ಅಗಲ ಹೆಚ್ಚಿಸುವಾಗ ಪಕ್ಕೆಯ ಶೇಕಡಾವನ್ನು ಇಳಿಸಿ ಹೊರವ್ಯಾಸವನ್ನು ಕಾಯ್ದುಕೊಂಡಿದ್ದಾರೆ. ಅಂಗಡಿಯಲ್ಲಿ ದಾಸ್ತಾನು ಇದೆಯೆಂದು 185/70 ಆರ್ 15 ಹಾಕಿಸಿದರೆ ಹೊರವ್ಯಾಸ 640 ಮಿ.ಮೀ. ಆಗುತ್ತದೆ, ಸುಮಾರು ಶೇ. 3 ಹೆಚ್ಚು. ಸ್ಪೀಡೋಮೀಟರಿನ ಮುಳ್ಳು ಮೊದಲಿನಂತೆ 100 ತೋರಿಸುವಾಗ ಕಾರು ಮೊದಲಿಗಿಂತ ಶೇ. 3 ವೇಗವಾಗಿ ಓಡುತ್ತಿರುತ್ತದೆ. ಚಕ್ರದ ಎಳೆಯುವ ಬಲವೂ ಅಷ್ಟೇ ಪಾಲು ಇಳಿಯುತ್ತದೆ, ತಿರುಗಿಸಿದಾಗ ಟೈರು ಒಳಗಿನ ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಅಳತೆಯ ಮುಂದಿರುವ ಎರಡಂಕಿಯ ಸಂಖ್ಯೆ ಹೊರೆಯ ಸೂಚ್ಯಂಕ. 85 ಎಂದರೆ ಒಂದು ಟೈರು 515 ಕಿ.ಗ್ರಾಂ. ಹೊರಬಲ್ಲದು, 88 ಎಂದರೆ 560. ಕಾರಿನೊಂದಿಗೆ ಬಂದ ಸಂಖ್ಯೆಗಿಂತ ಕಡಿಮೆಯದನ್ನು ಎಂದೂ ಹಾಕಿಸಬಾರದು.

ಟೈರಿನ ಬಗ್ಗೆ ಇಷ್ಟು ವಿಚಾರಿಸುವವರೂ ರಿಮ್ಮಿನ ಅಗಲವನ್ನು ಕೇಳುವುದಿಲ್ಲ. ಟೈರು ಒಂದು ಚೀಲವಿದ್ದಂತೆ, ಅದರ ಬಾಯಿ ಎಷ್ಟು ತೆರೆದಿರಬೇಕೆಂದು ಹೇಳುವುದು ರಿಮ್ಮು. 185/65 ಆರ್ 15 ಟೈರನ್ನು 5ರಿಂದ 6.5 ಅಂಗುಲ ಅಗಲದ ರಿಮ್ಮಿಗೆ ಹಾಕಬಹುದು. ಅದರ ಅಗಲವನ್ನು ಅಳೆದು ನಮೂದಿಸುವುದು 5.5 ಅಂಗುಲದ ರಿಮ್ಮಿನ ಮೇಲೆ. ರಿಮ್ಮು ಅರ್ಧ ಅಂಗುಲ ಅಗಲವಾದರೆ ಟೈರು ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಸಪೂರ ರಿಮ್ಮಿಗೆ ಅಗಲದ ಟೈರು ಹಾಕಿದರೆ ಪಕ್ಕೆಗಳು ಉಬ್ಬಿ, ಟೈರು ತಿರುವಿನಲ್ಲಿ ತೊನೆಯುತ್ತದೆ, ನಡುಭಾಗ ಬೇಗ ಸವೆಯುತ್ತದೆ. ಅಗಲ ಟೈರಿನ ಉದ್ದೇಶವೇ ಅಲ್ಲಿಗೆ ಕೆಟ್ಟಿತು. ಅತಿ ಅಗಲದ ರಿಮ್ಮಿಗೆ ಸಪೂರ ಟೈರನ್ನು ಎಳೆದು ಹಾಕಿದರೆ ರಿಮ್ಮಿನ ಅಂಚು ಫುಟ್‌ಪಾತಿನ ಕಲ್ಲಿಗೂ ರಸ್ತೆಯ ಗುಂಡಿಗೂ ನೇರವಾಗಿ ತಗಲುತ್ತದೆ.

ಇನ್ನೊಂದು ಅಳತೆ ಆಫ್‌ಸೆಟ್. ರಿಮ್ಮನ್ನು ಹಬ್ಬಿಗೆ ಬೋಲ್ಟು ಮಾಡುವ ತಟ್ಟೆ ರಿಮ್ಮಿನ ಮಧ್ಯರೇಖೆಯಿಂದ ಎಷ್ಟು ಹೊರಗಿದೆ ಎಂಬುದನ್ನು ಇದು ತಿಳಿಸುತ್ತದೆ. 5.5 ಅಂಗುಲ ಅಗಲ, 45 ಮಿ.ಮೀ. ಆಫ್‌ಸೆಟ್ ಇರುವ ರಿಮ್ಮಿನ ಬದಲು 6.5 ಅಂಗುಲ, 35 ಮಿ.ಮೀ. ರಿಮ್ಮು ಹಾಕಿದರೆ ಹೊರ ಅಂಚು ಸುಮಾರು 23 ಮಿ.ಮೀ. ಹೊರಕ್ಕೆ ಬರುತ್ತದೆ, ಟೈರಿನ ಮಧ್ಯರೇಖೆ 10 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಹತ್ತು ಮಿಲಿಮೀಟರು ತಾನೇ ಎನ್ನಬೇಡಿ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ ಆ ಅಕ್ಷದಿಂದ ಮಧ್ಯರೇಖೆಯ ದೂರವೇ ಎಳೆಯುವ ಬಲಕ್ಕೂ ಬ್ರೇಕಿನ ಬಲಕ್ಕೂ ಸನ್ನೆಯ ತೋಳು. ಹಿಂಚಕ್ರ ಚಾಲನೆಯ ಕಾರಿನಲ್ಲಿ ಬ್ರೇಕು ಮಾತ್ರ ಈ ತೋಳನ್ನು ಬಳಸುತ್ತದೆ. ನಮ್ಮ ಕಾರಿನಲ್ಲಿ ಎಂಜಿನ್ನೂ ಬಳಸುತ್ತದೆ. ಎಡಚಕ್ರ ಮಣ್ಣಿನ ಅಂಚಿನಲ್ಲಿ, ಬಲಚಕ್ರ ಡಾಂಬರಿನ ಮೇಲೆ ಇರುವಾಗ ಎರಡೂ ಬದಿಯ ಬಲಗಳು ಸಮನಾಗಿರದೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಹಬ್ಬಿನ ಬೇರಿಂಗಿನ ಮೇಲೂ ಹೊರೆ ಹೆಚ್ಚುತ್ತದೆ.

ಹಾಗಾದರೆ ಏನು ಆರಿಸಬೇಕು?

ಸ್ವಿಫ್ಟ್‌ನ ಉದಾಹರಣೆಯಲ್ಲೇ ಹೇಳುವುದಾದರೆ, 14 ಅಂಗುಲದ ಕಾರಿನವರು ಅಗಲ ಬೇಕೆಂದರೆ ಅದೇ ಕಾರಿನ ಮೇಲ್ದರ್ಜೆಗೆ ತಯಾರಕರೇ ಕೊಟ್ಟಿರುವ 185/65 ಆರ್ 15ರವರೆಗೆ, ಅವರೇ ಕೊಟ್ಟಿರುವ ಅಗಲ ಮತ್ತು ಆಫ್‌ಸೆಟ್‌ನ ರಿಮ್ಮಿನೊಂದಿಗೆ, ನಾಲ್ಕೂ ಚಕ್ರಗಳಿಗೆ ಹೋಗಬಹುದು. ಅದರಾಚೆ 195/55 ಆರ್ 16 ಲೆಕ್ಕಕ್ಕೆ ಹೊಂದುತ್ತದೆ, ಹೊರವ್ಯಾಸ 621 ಮಿ.ಮೀ. ಆದರೆ ಪಕ್ಕೆ 132ರಿಂದ 107 ಮಿ.ಮೀ.ಗೆ ಇಳಿದಿರುತ್ತದೆ. ನಮ್ಮ ರಸ್ತೆಯ ಗುಂಡಿ, ಹೇಳದೆ ಕೇಳದೆ ಎದುರಾಗುವ ಹಂಪುಗಳಲ್ಲಿ ಆ 25 ಮಿ.ಮೀ. ರಬ್ಬರೇ ರಿಮ್ಮನ್ನು ಕಾಯುತ್ತಿದ್ದುದು. ಮಲೆನಾಡು, ಕರಾವಳಿಯಲ್ಲಿ ವರ್ಷದ ನಾಲ್ಕು ತಿಂಗಳು ಮಳೆಯಲ್ಲಿ ಓಡಾಡುವವರಿಗೆ, ಅಲ್ಲಿನ ಹದಗೆಟ್ಟ ರಸ್ತೆಗಳಿಗೆ, 165ರ ಸಪೂರ ಟೈರೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಅಲಾಯ್ ವೀಲಿಗೆ ಮೀಸಲಿಟ್ಟ ಹಣದಲ್ಲಿ ಅದೇ ಅಳತೆಯ ಉತ್ತಮ ದರ್ಜೆಯ ಟೈರು ಬರುತ್ತದೆ.

ಯಾವ ಅಗಲವನ್ನು ಆರಿಸಿದರೂ ಗಾಳಿ ಸರಿಯಾಗಿರಬೇಕು. ಚಾಲಕನ ಬಾಗಿಲಿನ ಒಳಚೌಕಟ್ಟಿನಲ್ಲಿ ಅಥವಾ ಕೈಪಿಡಿಯಲ್ಲಿ ಬರೆದಿರುವ ಒತ್ತಡವನ್ನು ಟೈರು ತಣ್ಣಗಿರುವಾಗ ನೋಡಿಕೊಳ್ಳಬೇಕು; ತುಂಬಿದ ಕಾರಿಗೆ ಬೇರೆ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಗಮನಿಸಬೇಕು. ಗಾಳಿ ಕಡಿಮೆಯಾದರೆ ನೀರಿನಲ್ಲಿ ತೇಲುವ ವೇಗ ಇಳಿಯುತ್ತದೆ, ಹೆಚ್ಚಾದರೆ ಒಣ ರಸ್ತೆಯಲ್ಲಿ ಹೆಜ್ಜೆ ಕಿರಿದಾಗುತ್ತದೆ.

ನಾಲ್ಕರ ಬದಲು ಎರಡೇ ಹೊಸ ಟೈರು ಕೊಳ್ಳುವ ಸಂದರ್ಭ ಬಂದರೆ ಅವನ್ನು ಎಲ್ಲಿ ಹಾಕಿಸಬೇಕು? ದುಡಿಯುವುದು ಮುಂದಿನವು, ಸವೆದಿರುವುದೂ ಮುಂದಿನವು; ಆದ್ದರಿಂದ ಹೊಸದು ಮುಂದಕ್ಕೆ ಎಂದು ಅಂಗಡಿಯವರೂ ಗ್ರಾಹಕರೂ ಒಟ್ಟಿಗೇ ಹೇಳುತ್ತಾರೆ. ಟೈರು ತಯಾರಕರ ಸಲಹೆ ಇದಕ್ಕೆ ವಿರುದ್ಧವಾಗಿದೆ, ಭೌತಶಾಸ್ತ್ರವೂ ಅವರ ಪರ. ನೀರಿನಲ್ಲಿ ಮುಂದಿನ ಟೈರು ತೇಲಿದರೆ ಸ್ಟೀರಿಂಗ್ ಹಗುರಾಗಿ ಚಾಲಕನಿಗೆ ತಿಳಿಯುತ್ತದೆ. ಕಾಲು ತೆಗೆದರೆ ವೇಗ ಇಳಿದು ಟೈರು ಮತ್ತೆ ನೆಲ ಹಿಡಿಯುತ್ತದೆ. ಹಿಂದಿನ ಟೈರು ತೇಲಿದರೆ ಮುನ್ಸೂಚನೆಯೇ ಇರುವುದಿಲ್ಲ. ತಿಳಿಯುವ ವೇಳೆಗೆ ಕಾರು ಅಡ್ಡ ತಿರುಗಿರುತ್ತದೆ. ಆದ್ದರಿಂದ ಹಿಂದಿದ್ದ ಅರೆ ಸವೆದ ಜೋಡಿಯನ್ನು ಮುಂದಕ್ಕೆ ತರಿಸಿ, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿಕೊಂಡೇ ಅಂಗಡಿಯಿಂದ ಹೊರಡಿ.